ಗಂಟೆಗೆ ನಾಲ್ಕು ಕಿಲೋಮೀಟರಿನ ಕ್ಯಾಪ್ಟನ್

ಬೇಸಿಗೆಯಲ್ಲಿ ಫ್ರಾನ್ಸಿನ ಬರ್ಗಂಡಿ ಕಾಲುವೆಯ ದಂಡೆಗುಂಟ ಯಾವ ಊರಿನ ಹತ್ತಿರ ನಡೆದರೂ ಕ್ಯಾಪ್ಟನ್ ಸಾಹೇಬರು ಸಿಕ್ಕೇ ಸಿಗುತ್ತಾರೆ. ನಮ್ಮಿಂದ ತಪ್ಪಿಸಿಕೊಂಡು ಹೋಗುವಷ್ಟು ವೇಗ ಅವರ ದೋಣಿಗಿಲ್ಲ. ಗಂಟೆಗೆ 6 ಕಿಲೋಮೀಟರ್ ಮೀರಬಾರದೆಂದು ಕಾಲುವೆಯ ಕಾನೂನು. ಮೀರಿದರೆ ಅಲೆಯೆದ್ದು ದಂಡೆಯ ಮಣ್ಣು ಕುಸಿಯುತ್ತದೆ. ಸಾಹೇಬರು ಕಾನೂನಿಗಿಂತ ಒಂದು ಹೆಜ್ಜೆ ಮುಂದೆ, ಅಂದರೆ ಹಿಂದೆ. ಅವರದು 4 ಕಿಲೋಮೀಟರ್.

ಊರು ಇಂಗ್ಲೆಂಡಿನ ಯಾವುದೋ ಮಳೆ ಸುರಿಯುವ ಮೂಲೆ. ವಯಸ್ಸು ಎಪ್ಪತ್ತರ ಹತ್ತಿರ. ತಲೆಯ ಮೇಲೆ ನೌಕಾಪಡೆಯವರಂಥ ಬಿಳಿ ಟೋಪಿ, ಕಾಲಿಗೆ ರಬ್ಬರ್ ಚಪ್ಪಲಿ. ನೌಕಾಪಡೆಯಲ್ಲಿದ್ದರೇ ಎಂದು ಕೇಳಬೇಡಿ. ಇದ್ದದ್ದು ಲಾರಿ ಕಂಪನಿಯಲ್ಲಿ. ಸರಕು ಹೇಳಿದ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳುವ ಕೆಲಸ. ಯಾವುದೋ ಲಾರಿ ಹತ್ತು ನಿಮಿಷ ತಡವಾದರೆ ಮೂವರು ಡ್ರೈವರುಗಳಿಗೆ ಬೈಗುಳ, ಸಾಹೇಬರಿಗೆ ರಕ್ತದೊತ್ತಡದ ಮಾತ್ರೆ. ನಿವೃತ್ತಿಯಾದ ಮೇಲೆ ಒಂದು ದಿನ ಕೈಗಡಿಯಾರ ಬಿಚ್ಚಿಟ್ಟು, ಮನೆ ಮಾರಿ, ಹಾಲೆಂಡಿನಲ್ಲಿ ಹಿಂದಿನ ಶತಮಾನದ ಕಬ್ಬಿಣದ ಸರಕು ದೋಣಿಯೊಂದನ್ನು ಕೊಂಡರು. ಹಿಂದೆ ಆಲೂಗಡ್ಡೆ ತುಂಬುತ್ತಿದ್ದ ಜಾಗದಲ್ಲಿ ಈಗ ಸೋಫಾ ಇದೆ. ಮೇಲೆ ಜೆರೇನಿಯಂ ಹೂಕುಂಡ, ಸೋಲಾರ್ ಫಲಕ, ಸೈಕಲ್. ಸೈಕಲ್ ಎರಡಿದ್ದವು. ಒಂದನ್ನು ಹಳ್ಳಿಯೊಂದರಲ್ಲಿ ಹುಡುಗರು ಕದ್ದರೆಂದು ಸಾಹೇಬರು ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ, ಸಾಕಷ್ಟು ಗಟ್ಟಿಯಾಗಿ.

ಸಾಹೇಬರು ಆರಿಸಿಕೊಂಡ ಕಾಲುವೆಯೂ ಅವರಿಗೆ ತಕ್ಕದ್ದೇ. ಯೋನ್ ನದಿಯಿಂದ ಸೋನ್ ನದಿಗೆ 242 ಕಿಲೋಮೀಟರ್. ನಡುವೆ ಗುಡ್ಡ. ಗುಡ್ಡ ಹತ್ತಲು ನೀರಿನ ಮೆಟ್ಟಿಲಿನಂಥ 113 ಲಾಕ್, ಇಳಿಯಲು 76. ಅಗೆಯಲು ಶುರುಮಾಡಿದ್ದು 1775ರಲ್ಲಿ. ಆಮೇಲೆ ಕ್ರಾಂತಿ ಬಂತು, ದುಡ್ಡು ಹೋಯಿತು, ಅಂತೂ ದೋಣಿ ಈ ಕೊನೆಯಿಂದ ಆ ಕೊನೆಗೆ ಸಾಗಿದ್ದು 1832ರಲ್ಲಿ. 1851ರ ಹೊತ್ತಿಗೆ ಪ್ಯಾರಿಸ್‌ನಿಂದ ದಿಜೋಂಗೆ ರೈಲೇ ಬಂದುಬಿಟ್ಟಿತು. ಐವತ್ತೈದನೆಯ ವಯಸ್ಸಿಗೆ ನೌಕರಿ ಖಾಯಂ ಆಗಿ ಐವತ್ತೆಂಟಕ್ಕೆ ನಿವೃತ್ತನಾದ ಗುಮಾಸ್ತನ ಪಾಡು ಆ ಕಾಲುವೆಯದು. ಈಗ ಮೋಂಬಾರ್ ಪಟ್ಟಣದಲ್ಲಿ ಅತಿವೇಗದ ಟಿಜಿವಿ ರೈಲು ಪಕ್ಕದಲ್ಲೇ ಹಾದು ಹೋಗುತ್ತದೆ. ಪ್ಯಾರಿಸ್‌ನಿಂದ ದಿಜೋಂಗೆ ಅದಕ್ಕೆ ಒಂದೂವರೆ ಗಂಟೆ ಸಾಕು. ಸಾಹೇಬರು ಅದರತ್ತ ಕನಿಕರದಿಂದ ಕೈ ಬೀಸುತ್ತಾರೆ. ರೈಲಿನೊಳಗಿರುವವರಿಗೆ ಆ ಕೈ ಕಾಣುವುದಿಲ್ಲ.

ಸಂಜೆ ದೋಣಿ ಕಟ್ಟಿದ ಮೇಲೆ ಅಕ್ಕಪಕ್ಕದ ನಿವೃತ್ತರೆಲ್ಲ ಒಬ್ಬರ ದೋಣಿಯಲ್ಲಿ ಸೇರುತ್ತಾರೆ. ಅಲ್ಲಿ ನಡೆಯುವ ಪೈಪೋಟಿ ಲಾರಿ ಕಂಪನಿಯಲ್ಲೂ ನಡೆದಿರಲಿಕ್ಕಿಲ್ಲ.

“ತೊನೇರ್‌ನಿಂದ ಇಲ್ಲಿಗೆ ಬರಲು ನಮಗೆ ಹನ್ನೊಂದು ದಿನ ಹಿಡಿಯಿತು” ಎನ್ನುತ್ತಾನೆ ಒಬ್ಬ ಆಸ್ಟ್ರೇಲಿಯದವನು.

“ಅಷ್ಟು ಬೇಗ?” ಎನ್ನುತ್ತಾರೆ ಸಾಹೇಬರು. “ಹನ್ನೊಂದನೆಯ ದಿನ ನಾವಿನ್ನೂ ತೊನೇರ್‌ನಲ್ಲೇ ಇದ್ದೆವು.”

ಆಸ್ಟ್ರೇಲಿಯದವನು ಸೋತು ಗ್ಲಾಸು ಎತ್ತುತ್ತಾನೆ. ಗ್ಲಾಸಿನಲ್ಲಿ ಕೀರ್. ಆಲಿಗೋತೆ ಎಂಬ ಬಿಳಿ ವೈನಿಗೆ ಕಪ್ಪು ಕರ‍್ರಂಟ್ ಹಣ್ಣಿನ ಮದ್ಯ ಬೆರೆಸಿದ್ದು. ದಿಜೋಂ ನಗರದ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಹೆಸರಿನಿಂದ ಅದಕ್ಕೆ ಆ ಹೆಸರು ಬಂತೆಂದು ಸಾಹೇಬರು ವಿವರಿಸುತ್ತಾರೆ. ನಿನ್ನೆಯೂ ವಿವರಿಸಿದ್ದರು. ಕೇಳುಗರೂ ನಿನ್ನೆಯವರೇ. ಎಲ್ಲರೂ ಸೇರಿ ಬಾಡಿಗೆ ದೋಣಿಯವರನ್ನು ಬೈದ ಮೇಲೆ ಸಭೆ ಮುಗಿಯುತ್ತದೆ. ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಡ. ಅರ್ಧ ಗಂಟೆ ಪಾಠ ಹೇಳಿ, ಬೀಗದ ಕೈ ಕೊಟ್ಟು ಕಳಿಸುತ್ತಾರೆ. ಬಾಡಿಗೆಗೆ ಪಡೆದವರು ಒಂದು ವಾರದಲ್ಲಿ ಊರು ತಿರುಗಿ, ನಾಲ್ಕು ಕಡೆ ಗುದ್ದಿ, ನಗುನಗುತ್ತಾ ಮನೆಗೆ ಹೋಗುತ್ತಾರೆ. ಗುದ್ದಿದ್ದಕ್ಕಿಂತ ಆ ನಗುವೇ ಸಾಹೇಬರಿಗೆ ಹೆಚ್ಚು ನೋವು ಕೊಡುವುದು.

ಇನ್ನು ಅಮ್ಮಾವ್ರ ವಿಷಯ. ದೋಣಿಗೆ ಅವರದೇ ಹೆಸರು. ದೋಣಿಯ ಕೆಲಸವೂ ಅವರದೇ. ಇದು ಗೊತ್ತಾಗಬೇಕಾದರೆ ಲಾಕ್ ಬಳಿ ನಿಂತು ನೋಡಬೇಕು.

ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಹತ್ತುವಾಗ ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತಾರೆ, ಮೇಲಿನಿಂದ ನೀರು ಬಿಡುತ್ತಾರೆ, ತೊಟ್ಟಿ ತುಂಬಿದಂತೆ ದೋಣಿ ಮೇಲೇಳುತ್ತದೆ. ಓದುವುದಕ್ಕೆ ಸುಲಭ. ಆದರೆ ಒಳಗೆ ಹೋದಾಗ ದೋಣಿ ಬಾವಿಯ ತಳದಲ್ಲಿದ್ದ ಹಾಗೆ ಇರುತ್ತದೆ, ಹಗ್ಗ ಸುತ್ತಬೇಕಾದ ಗೂಟ ಆಳೆತ್ತರ ಮೇಲಿರುತ್ತದೆ. ಪಾಚಿ ಹಿಡಿದ ಕಬ್ಬಿಣದ ಏಣಿಯನ್ನು ಹಗ್ಗ ಹೆಗಲಿಗೆ ಹಾಕಿಕೊಂಡು ಯಾರಾದರೂ ಹತ್ತಬೇಕು. ಆ ಯಾರಾದರೂ ಅಮ್ಮಾವ್ರು. ಸಾಹೇಬರು ಚುಕ್ಕಾಣಿ ಹಿಡಿದಿರುತ್ತಾರೆ. ಅದನ್ನು ಬಿಡುವಂತಿಲ್ಲ, ಜವಾಬ್ದಾರಿಯ ಕೆಲಸ. ಕೆಳಗಿನಿಂದಲೇ “ಎಡಕ್ಕೆ! ಎಡಕ್ಕಲ್ಲ, ನನ್ನ ಎಡಕ್ಕೆ!” ಎಂದು ಕೂಗುತ್ತಾರೆ. ನೀರು ನುಗ್ಗುತ್ತದೆ, ದೋಣಿ ಓಲಾಡುತ್ತದೆ, ಹೂಕುಂಡವೊಂದು ಉರುಳುತ್ತದೆ. ಅಮ್ಮಾವ್ರು ಗೂಟಕ್ಕೆ ಹಗ್ಗ ಸುತ್ತಿ ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ಲಾಕ್ ಕಾಯುವ ಹುಡುಗನಿಗೆ ಬಾಗಿಲು ತಿರುಗಿಸಲು ನೆರವಾಗಿ, ಅವನ ಪರೀಕ್ಷೆ ಹೇಗಾಯಿತೆಂದು ಫ್ರೆಂಚಿನಲ್ಲಿ ವಿಚಾರಿಸುತ್ತಾರೆ. ದೋಣಿ ಮೇಲೆ ಬಂದಾಗ ಸಾಹೇಬರು ಟೋಪಿ ಸರಿಪಡಿಸಿಕೊಂಡು “ಚೆನ್ನಾಗಿ ಬಂತು” ಎನ್ನುತ್ತಾರೆ. ದಂಡೆಯಲ್ಲಿ ನಿಂತು ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರೆ ತಲೆಬಾಗುವವರೂ ಅವರೇ.

ಹೀಗೆ ಕೂಗಾಡಿ ದಾಂಪತ್ಯ ಕೆಡಬಾರದೆಂದು ಇಂಥ ದಂಪತಿಗಳು ಕಿವಿಗೆ ಹಾಕಿಕೊಳ್ಳುವ ಫೋನ್‌ಗಳನ್ನು ಬಳಸುತ್ತಾರೆ. ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ. ಸಾಹೇಬರೂ ತಂದರು. ಅಮ್ಮಾವ್ರು ದಿನಾ ತಪ್ಪದೆ ಹಾಕಿಕೊಳ್ಳುತ್ತಾರೆ. ಬ್ಯಾಟರಿ ಹಾಕುವುದಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಲಾಕ್ ಸಿಬ್ಬಂದಿ ಊಟಕ್ಕೆ ಹೋಗುತ್ತಾರೆ. ದೋಣಿ ಬಾಗಿಲ ಮುಂದೆ ಬಂದು ನಿಂತಿದ್ದರೂ ಸರಿ, ಊಟ ಊಟವೇ. ಗಡಿಯಾರ ಬಿಸಾಕಿದ ಸಾಹೇಬರಿಗೆ ಇದು ಮಾತ್ರ ಜೀರ್ಣವಾಗಿಲ್ಲ. “ಹನ್ನೊಂದು ಐವತ್ತೆಂಟು!” ಎಂದು ಅಮ್ಮಾವ್ರ ಮೊಬೈಲ್ ನೋಡಿ ಕೂಗುತ್ತಾರೆ. ನಿಧಾನಕ್ಕೆ ಬಂದವರು ಒಂದು ಗಂಟೆ ಕಾಯಲಾರದೆ ದಂಡೆಯ ಮೇಲೆ ಶತಪಥ ತಿರುಗುವುದನ್ನು ನೋಡಿದರೆ, ಆ ಹಳೆಯ ಲಾರಿ ಡ್ರೈವರುಗಳಿಗೆ ಒಂದು ಟಿಕೆಟ್ ಕೊಡಿಸಬೇಕು ಅನ್ನಿಸುತ್ತದೆ.

ಇನ್ನೊಂದು ಲೆಕ್ಕ ಅವರನ್ನು ರಾತ್ರಿ ಎಬ್ಬಿಸುತ್ತದೆ. ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷರು ವೀಸಾ ಇಲ್ಲದೆ ಯಾವ 180 ದಿನಗಳಲ್ಲೂ 90 ದಿನಕ್ಕಿಂತ ಹೆಚ್ಚು ಇಲ್ಲಿರುವಂತಿಲ್ಲ. ಹೀಗಾಗಿ ಅವಸರವೇ ಇಲ್ಲದ ಮನುಷ್ಯನ ದೋಣಿಯಲ್ಲಿ ಗೋಡೆಯ ತುಂಬ ಕ್ಯಾಲೆಂಡರ್, ಕ್ಯಾಲೆಂಡರ್ ತುಂಬ ಕೆಂಪು ಗೀಟು. ಉಳಿದ ದಿನ ಮಗಳ ಮನೆಯ ಹಿಂದಿನ ಕೋಣೆ, ಅಳಿಯನಿಗೆ ಗಂಟು ಹಾಕುವ ಪಾಠ. ಉದ್ದನೆಯ ವೀಸಾಕ್ಕೆ ಅರ್ಜಿ ಹಾಕಬಹುದಲ್ಲ ಎಂದರೆ, ತನ್ನದೇ ದೋಣಿಯಲ್ಲಿ ಇರಲು ಅರ್ಜಿಯೇ ಎಂದು ಸಿಡುಕುತ್ತಾರೆ. ಬ್ರೆಕ್ಸಿಟ್ ಮತದಾನದ ದಿನ ಯಾವ ಕಡೆಗೆ ಓಟು ಹಾಕಿದಿರಿ ಎಂದು ಕೇಳಿದರೆ ಸಾಹೇಬರು ಇಂಜಿನ್ ನೋಡಲು ಕೆಳಗೆ ಇಳಿಯುತ್ತಾರೆ. ಅಮ್ಮಾವ್ರು ಹೇಳುತ್ತಾರೆ.

ಚಳಿಗಾಲದಲ್ಲಿ ರಿಪೇರಿಗೆಂದು ಕಾಲುವೆಯ ಒಂದೊಂದು ಭಾಗದ ನೀರು ಖಾಲಿ ಮಾಡುತ್ತಾರೆ. ಉಳಿಸಿಟ್ಟ ಹತ್ತು ದಿನಗಳಲ್ಲಿ ದೋಣಿ ನೋಡಿಕೊಂಡು ಹೋಗಲು ಬಂದ ದಂಪತಿ, ಬೇಸಿಗೆಯಲ್ಲಿ ತಂಗಿ ಪೊಲೀಸರಿಗೆ ದೂರು ಕೊಟ್ಟಿದ್ದ ಆ ಹಳ್ಳಿಗೂ ಹೋದರು. ಕಾಲುವೆಯ ತಳದಲ್ಲಿ ಬರೀ ಕೆಸರು. ಕೆಸರಿನಲ್ಲಿ ಒಂದು ಕುರ್ಚಿ, ಎರಡು ಹೂಕುಂಡ, ಸಾಹೇಬರು ಕಟ್ಟಿದ ಗಂಟು ಇನ್ನೂ ಅರ್ಧ ಉಳಿದಿದ್ದ ಹಗ್ಗ, ಹಗ್ಗದ ತುದಿಗೆ ಸೈಕಲ್.

ಅಮ್ಮಾವ್ರು ಸ್ವಲ್ಪ ಹೊತ್ತು ನೋಡಿದರು. “ಪೊಲೀಸ್ ಠಾಣೆಗೆ ಹೋಗಿ ಹೇಳಬೇಕಲ್ಲ” ಎಂದರು. “ಈ ಸಲ ನೀವೇ ಹೇಳಿ. ಫ್ರೆಂಚಿನಲ್ಲಿ.”