ವಿದ್ಯುದಾವೇಶ: ಬಳಕೆದಾರರ ಕೈಪಿಡಿ



ಈ ಸಾಮಾನು ನಿಮ್ಮ ಮನೆಗೆ ಆಗಲೇ ಬಂದಿದೆ. ಆರ್ಡರ್ ಮಾಡಿಲ್ಲವೆಂದು ಜಗಳ ತೆಗೆಯಬೇಡಿ. ನಿಮ್ಮ ಮೈ, ಮಂಚ, ತಟ್ಟೆಯ ಮುದ್ದೆ ಎಲ್ಲದರೊಳಗೂ ಅದು ತುಂಬಿದೆ. ವಾಪಸು ತೆಗೆದುಕೊಳ್ಳುವುದಿಲ್ಲ.

ಪೊಟ್ಟಣದಲ್ಲಿರುವುದು

ಎರಡೇ ಬಗೆ: ಪ್ರೋಟಾನಿನಲ್ಲಿ ಧನ, ಎಲೆಕ್ಟ್ರಾನಿನಲ್ಲಿ ಋಣ. ಎರಡರ ಅಳತೆಯೂ ಒಂದೇ. ಅರ್ಧ ಎಲೆಕ್ಟ್ರಾನ್ ಕೊಡಿ ಎಂದರೆ ಸಿಗುವುದಿಲ್ಲ. ಧನ, ಋಣ ಎಂಬ ಚೀಟಿ ಅಂಟಿಸಿದವರು ಬೆಂಜಮಿನ್ ಫ್ರಾಂಕ್ಲಿನ್, 1740ರ ದಶಕದಲ್ಲಿ. ತಂತಿಯಲ್ಲಿ ಓಡಾಡುವ ಕಣಕ್ಕೇ ಋಣದ ಚೀಟಿ ಬಿದ್ದಿದೆಯೆಂದು ತಿಳಿದದ್ದು 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಹಾಗಾಗಿ ಎಲೆಕ್ಟ್ರಾನ್ ಅತ್ತ ಹೋದರೆ ಕರೆಂಟಿನ ಬಾಣವನ್ನು ಇತ್ತ ಬರೆಯುವುದನ್ನು ಮಕ್ಕಳು ಇಂದಿಗೂ ಕಲಿಯುತ್ತಿದ್ದಾರೆ. ಈ ಬಗ್ಗೆ ದೂರು ಸ್ವೀಕರಿಸುವುದಿಲ್ಲ.

ಚಾಲೂ ಮಾಡುವ ವಿಧಾನ

ಪ್ಲಾಸ್ಟಿಕ್ ಬಾಚಣಿಗೆ, ಕಾಗದದ ಚೂರು, ಎಣ್ಣೆ ಹಚ್ಚದ ಒಂದು ತಲೆ ಬೇಕು. ಚೆನ್ನಾಗಿ ಬಾಚಿ. ಕೂದಲಿನ ಎಲೆಕ್ಟ್ರಾನುಗಳು ಬಾಚಣಿಗೆಗೆ ಬಂದವು. ಹೊಸದಾಗಿ ಹುಟ್ಟಿದ್ದಲ್ಲ, ವರ್ಗವಾದದ್ದು ಅಷ್ಟೇ. ಈಗ ಬಾಚಣಿಗೆಯನ್ನು ಚೂರುಗಳ ಹತ್ತಿರ ಹಿಡಿಯಿರಿ. ಕಾಗದದಲ್ಲಿ ಧನ, ಋಣ ಸಮನಾಗಿದ್ದರೂ ಅದು ಹಾರಿಬರುತ್ತದೆ. ಬಾಚಣಿಗೆಯ ಋಣವು ಕಾಗದದ ಎಲೆಕ್ಟ್ರಾನುಗಳನ್ನು ಕೂದಲೆಳೆಗಿಂತಲೂ ಕಡಿಮೆ ದೂರ ಹಿಂದಕ್ಕೆ ತಳ್ಳುತ್ತದೆ, ಧನದ ಭಾಗ ಮುಂದಾಗುತ್ತದೆ, ಹತ್ತಿರದ ಸೆಳೆತ ದೂರದ ತಳ್ಳಾಟವನ್ನು ಮೀರುತ್ತದೆ. ಕೆಲವು ಚೂರು ಅಂಟಿದ ಮರುಗಳಿಗೆ ಎಗರಿ ಬೀಳುತ್ತವೆ. ಬಾಚಣಿಗೆ ಕೆಟ್ಟಿಲ್ಲ, ಅದರ ಋಣದಲ್ಲಿ ಅವಕ್ಕೂ ಪಾಲು ಸಿಕ್ಕಿ, ಸಜಾತಿಗಳು ದೂರ ಸರಿದಿವೆ.

ಇಲ್ಲೊಂದು ಮಾತು. ಇಡೀ ಭೂಮಿ ಆ ಚೂರನ್ನು ಕೆಳಕ್ಕೆ ಎಳೆಯುತ್ತಿತ್ತು. ಗೆದ್ದದ್ದು ಬಾಚಣಿಗೆ. ಗುರುತ್ವವನ್ನು ಹಾಡಿ ಹೊಗಳುವವರು ದಯವಿಟ್ಟು ಗಮನಿಸಬೇಕು.

ಕೆಲಸ ಮಾಡದಿದ್ದರೆ: ನೀವು ಮಂಗಳೂರಿನಲ್ಲಿದ್ದೀರಿ, ತಿಂಗಳು ಜೂನ್. ತೇವದ ಗಾಳಿಯಲ್ಲಿ ಎಲ್ಲದರ ಮೇಲೂ ನೀರಿನ ತೆಳುಪದರ ಕೂತು, ಆವೇಶ ಅದರಲ್ಲೇ ಸೋರಿಹೋಗುತ್ತದೆ. ಜನವರಿಯಲ್ಲಿ ಬಳ್ಳಾರಿಯ ನೆಂಟರ ಮನೆಗೆ ಹೋಗಿ ನೋಡಿ.

ಬಲದ ಹತೋಟಿ

ಹೆಚ್ಚುಕಡಿಮೆ ಮಾಡಲು ಗುಂಡಿಯಿಲ್ಲ, ದೂರವೇ ಗುಂಡಿ. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು. ಇದನ್ನು 1785ರಲ್ಲಿ ಫ್ರಾನ್ಸಿನ ಕೂಲಂಬ್, ಎಳೆ ಎಷ್ಟು ತಿರುಚಿಕೊಂಡಿತೆಂದು ನೋಡಿ ಬಲ ಹೇಳುವ ತಕ್ಕಡಿಯಲ್ಲಿ ತೋರಿಸಿದ. ಅವನ ಹೆಸರಿನ ಮಾನವನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಒಂದೊಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರ್ ಅಂತರದಲ್ಲಿಟ್ಟರೆ ನಡುವಿನ ಬಲ ಸುಮಾರು 900 ಕೋಟಿ ನ್ಯೂಟನ್, ಅಂದರೆ 9 ಲಕ್ಷ ಟನ್ನಿನ ಭಾರ. ಕೂಲಂಬಿನ ನೂರು ಕೋಟಿಯಲ್ಲೊಂದು ಪಾಲಿಗೇ ಸುಮಾರು 624 ಕೋಟಿ ಎಲೆಕ್ಟ್ರಾನ್ ಬೇಕು. ಇಷ್ಟು ಶಕ್ತಿ ಮೈತುಂಬ ಇದ್ದೂ ನೀವು ಆರಾಮಾಗಿ ಕಾಫಿ ಕುಡಿಯುತ್ತಿರುವುದು ಧನಕ್ಕೆ ಋಣ ಹೆಚ್ಚೂಕಡಿಮೆ ಸರಿಹೋಗಿರುವುದರಿಂದ.

ಕ್ಷೇತ್ರ

ಕಾಗದವನ್ನು ಎತ್ತಿಟ್ಟರೂ ಬಾಚಣಿಗೆಯ ಸುತ್ತ ಕ್ಷೇತ್ರ ಇದ್ದೇ ಇರುತ್ತದೆ; ಅಲ್ಲಿ ಒಂದು ಮಾನ ಆವೇಶವಿಟ್ಟರೆ ಎಷ್ಟು ಬಲ, ಯಾವ ಕಡೆಗೆ ಎಂಬುದೇ ಅದರ ಲೆಕ್ಕ. ಇದನ್ನು ಗೆರೆ ಎಳೆದು ತೋರಿಸಿದ ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತು ಬೆಳೆದವನು, ಗಣಿತ ಅಷ್ಟಕ್ಕಷ್ಟೆ. ಗೆರೆಗಳು ಒಂದನ್ನೊಂದು ದಾಟುವುದಿಲ್ಲ, ಏಕೆಂದರೆ ಒಂದೇ ಜಾಗದಲ್ಲಿ ಬಲಕ್ಕೆ ಎರಡು ದಿಕ್ಕು ಇರಲಾರದು.

ಎಚ್ಚರಿಕೆ: ಕ್ಷೇತ್ರವು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಗಾಳಿಯೂ ಸೋತು ಕಿಡಿಗೆ ದಾರಿ ಬಿಡುತ್ತದೆ. ಮಿಂಚೂ ಅಂಥದೇ ಕಿಡಿ, ಗುಡುಗು ಕೇಳಿದರೆ ಮರದಡಿ ನಿಲ್ಲಬೇಡಿ. ಲೋಹದ ಮೈಯ ಕಾರಿನಲ್ಲಿ ಗಾಜು ಏರಿಸಿ ಕೂತಿರಿ.

ವಾರಂಟಿ

ಎಲೆಕ್ಟ್ರಾನ್ ತಾನಾಗಿ ಅಳಿದರೆ ಆವೇಶದ ಒಟ್ಟು ಲೆಕ್ಕವೇ ತಪ್ಪುತ್ತದೆ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಬೊರೆಕ್ಸಿನೊ ಪ್ರಯೋಗದವರು ಅಂಥ ಸಾವಿಗಾಗಿ ಕಾದು, ಒಂದೂ ಕಾಣದೆ, ಅದರ ಆಯುಷ್ಯ ಕನಿಷ್ಠ 6.6 × 10²⁸ ವರ್ಷ ಎಂದು 2015ರಲ್ಲಿ ಹೇಳಿದ್ದಾರೆ. ಬಿಲ್ಲನ್ನು ಜೋಪಾನ ಮಾಡುವ ಅಗತ್ಯವಿಲ್ಲ.