ಹೆಬ್ಬಾಳ ದಾಟಿದರೆ ಅಮೆರಿಕ

ಮಗಳ ಮನೆಗೆ ಹೊರಡುವ ಮುಂಚೆ ನನ್ನವಳು ಕೇಳಿದಳು: "ಎಷ್ಟು ಹೊತ್ತಿನ ದಾರಿ ರೀ?" ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್, ನೇರ ವಿಮಾನವಾದರೂ 16–17 ಗಂಟೆ ಎಂದು ಗತ್ತಿನಿಂದ ಹೇಳಿದೆ. ಆಕೆ ಟಿಕೆಟ್ ನೋಡಿದಳು. ಮಧ್ಯಾಹ್ನ ಊಟ ಮಾಡಿ ಹೊರಟರೆ ಅದೇ ದಿನ ಸಂಜೆ ಕಾಫಿಗೆ ಅಲ್ಲಿ! "ನಾಲ್ಕು ಗಂಟೆಯೂ ಇಲ್ಲ, ಇದಕ್ಕೆ ಇಷ್ಟು ದುಡ್ಡಾ?" ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಎಂದು ವಿವರಿಸಿದೆ. "ಹಾಗಾದರೆ ನಿಮ್ಮ ಬಿಪಿ ಮಾತ್ರೆ ಯಾವ ಊರಿನ ರಾತ್ರಿಗೆ?" ನನ್ನ ಬಿಪಿ ಅಲ್ಲೇ ಏರಿತು.

ಪಕ್ಕದ ಮನೆ ಹುಡುಗನ ಗ್ಲೋಬ್ ತಂದು, ಹೂ ಕಟ್ಟುವ ದಾರ ಎಳೆದು ತೋರಿಸಿದೆ. ಹತ್ತಿರದ ದಾರಿ ಉತ್ತರ ಧ್ರುವದ ಮಗ್ಗುಲಲ್ಲೇ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವದ ಮೇಲೇ ಹಾರಿ ಬೆಂಗಳೂರಿಗೆ ಬಂದಿತ್ತು ಎಂದದ್ದೇ ತಪ್ಪಾಯಿತು. ಬೀರುವಿನಲ್ಲಿದ್ದ ಉಣ್ಣೆಯೆಲ್ಲ ಪೆಟ್ಟಿಗೆಗೆ ಇಳಿಯಿತು.

ಆದರೆ ನಿಜವಾದ ಪ್ರಯಾಣ ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ. ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತುಕೊಂಡೇ ಲೆಕ್ಕ ಹಾಕಿದೆ. ವಿಮಾನಕ್ಕೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗ, ನಮ್ಮ ಟ್ಯಾಕ್ಸಿಗೆ ಹೆಚ್ಚೆಂದರೆ 20. ಈ ಲೆಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಲು ಹಗಲೂ ರಾತ್ರಿ ಓಡಿಸಿದರೂ ಒಂದು ತಿಂಗಳು! ಡ್ರೈವರ್ ಮಾತ್ರ ನಿರುಮ್ಮಳ: "ಮುಂದೆ ಟೋಲ್ ಇದೆ ಸಾರ್, ಅದು ಬೇರೆ."