ಕಣ್ಣಿನ ಸುಳ್ಳುಸಾಕ್ಷಿ

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡಬೇಕೆಂಬ ಗಾದೆಯನ್ನು ಸಕಲ ವಿಷಯಗಳಿಗೂ ಅನ್ವಯಿಸುವ ಹಿರಿಯರು ಸ್ವಂತ ಕಣ್ಣಿನ ವಿಷಯ ಬಂದಾಗ ಮಾತ್ರ ಅದನ್ನು ಕೈಬಿಡುತ್ತಾರೆ. 40ರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರವು ಬಿಗಿಯಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಗುಣವನ್ನು ಕಳೆದುಕೊಳ್ಳುವುದನ್ನು ಜನ ಚಾಳೀಸು ಎನ್ನುತ್ತಾರೆ. ಆದರೆ ಚಾಳೀಸು ಬಂದವರ ಹೇಳಿಕೆಗಳನ್ನೆಲ್ಲ ಒಟ್ಟುಗೂಡಿಸಿದರೂ ದೋಷವು ಕಣ್ಣಿನಲ್ಲಿದೆ ಎಂಬುದಕ್ಕೆ ಒಂದೂ ಪುರಾವೆ ದೊರೆಯುವುದಿಲ್ಲ; ಪಂಚಾಂಗ ಅಚ್ಚು ಹಾಕಿಸುವವರು ಕಾಗದದ ಜಿಪುಣರು, ಮಾತ್ರೆಯ ಕಂಪನಿಗಳು ದಿನಾಂಕವನ್ನು ಇರುವೆಗಳು ಓದಲೆಂದೇ ಬರೆಯುತ್ತವೆ, ಈಗಿನ ಬಲ್ಬುಗಳಲ್ಲಿ ಹಿಂದಿನ ಸತ್ವವಿಲ್ಲ.

ಇವರಿಗಿಂತಲೂ ಅಪಾಯಕಾರಿಯಾದ ಇನ್ನೊಂದು ವರ್ಗವಿದೆ. ಅರವತ್ತು ದಾಟಿದ ಮೇಲೆ ಕನ್ನಡಕವಿಲ್ಲದೆಯೇ ಪತ್ರಿಕೆ ಓದಲು ಬಂದದ್ದನ್ನು ಹೊನಗೊನೆ ಸೊಪ್ಪಿನ ಮಹಿಮೆಯೆಂದು ಬೀದಿಗೆಲ್ಲ ಸಾರುವ ಇವರಿಗೆ, ಮಸೂರದ ನಡುಭಾಗವನ್ನು ದಟ್ಟಗೊಳಿಸುವ ಬಗೆಯ ಪೊರೆಯು ಕಣ್ಣನ್ನು ಸಮೀಪದೃಷ್ಟಿಯ ಕಡೆಗೆ ವಾಲಿಸಿ ಓದನ್ನು ಕೆಲಕಾಲ ಸುಲಭಗೊಳಿಸುತ್ತದೆಂಬುದು, ಅಂದರೆ ತಾವು ಹಂಚುತ್ತಿರುವ ಸಿಹಿಯು ಪೊರೆಯ ಆಗಮನೋತ್ಸವದ್ದೆಂಬುದು, ತಿಳಿದಿರುವುದಿಲ್ಲ.

ಪೊರೆಯಾದರೋ ಶಸ್ತ್ರಚಿಕಿತ್ಸೆಗೆ ಮಣಿಯುತ್ತದೆ. ಊರೂರಿನಲ್ಲಿ ಶಿಬಿರ ಹೂಡಿ ಅದನ್ನು ತೆಗೆದ ಡಾ. ಎಂ.ಸಿ. ಮೋದಿಯವರ ನಾಡಿನಲ್ಲಿ ಇದನ್ನು ವಿವರಿಸಬೇಕಿಲ್ಲ. ಹಾಗೆ ಮಣಿಯದಿರುವುದು ಗ್ಲಾಕೋಮಾ. ಬಹುಮಟ್ಟಿಗೆ ಕಣ್ಣೊಳಗಿನ ದ್ರವದ ಒತ್ತಡ ಏರಿ, ನೋಟವನ್ನು ಮೆದುಳಿಗೆ ಒಯ್ಯುವ ನರವು ಸವೆಯುವ ಈ ರೋಗದ ಸಾಮಾನ್ಯ ರೂಪದಲ್ಲಿ ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕರಗುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಉಳಿದ ತೇಪೆಯನ್ನು ಮೆದುಳೇ ಹಚ್ಚುತ್ತದೆ. ಹೀಗೆ ಕಳ್ಳತನದ ಸುದ್ದಿ ಮನೆಯ ಯಜಮಾನನಿಗೇ ಕೊನೆಯಲ್ಲಿ ತಲುಪುವುದರಿಂದ ದೃಷ್ಟಿಕ್ಷೇತ್ರ ಪರೀಕ್ಷೆ, ಅಂದರೆ ನೇರ ನೋಡುತ್ತಿರುವಾಗ ಸುತ್ತಮುತ್ತ ಎಷ್ಟು ಕಾಣುತ್ತದೆಂಬುದರ ಅಳತೆ, ಅಗತ್ಯವಾಗುತ್ತದೆ.

ಈ ಪರೀಕ್ಷೆಯಲ್ಲಿ ಪ್ರಸ್ತುತ ಪ್ರಬಂಧದ ಕರ್ತೃವು ತೋರಿದ ಪ್ರತಿಭೆಯನ್ನು ಇಲ್ಲಿ ದಾಖಲಿಸುವುದು ಶಾಸ್ತ್ರದ ಹಿತದೃಷ್ಟಿಯಿಂದ ಉಚಿತ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗಲ್ಲವನ್ನು ಆಧಾರದ ಮೇಲಿರಿಸಿ, ಬಿಳಿಯ ಅರ್ಧಗೋಳದ ನಡುವಿನ ಚುಕ್ಕಿಯನ್ನೇ ದಿಟ್ಟಿಸುತ್ತ, ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಕಣ್ಣಿನ ಮಿತಿಯನ್ನು ಅರಿಯಲು ಯಂತ್ರವು ಬೆಳಕನ್ನು ಕುಗ್ಗಿಸುತ್ತ ಹೋಗುವುದರಿಂದ ಆರೋಗ್ಯವಂತರಿಗೂ ಸುಮಾರು ಅರ್ಧದಷ್ಟು ಮಿನುಗುಗಳು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆದರೆ ಎಸ್ಸೆಸ್ಸೆಲ್ಸಿಯಿಂದ ಇಲಾಖಾ ಪರೀಕ್ಷೆಯವರೆಗೆ ಪ್ರಥಮ ದರ್ಜೆಯನ್ನು ಬಿಟ್ಟುಕೊಡದ ಕರ್ತೃವಿಗೆ ಅರ್ಧಕ್ಕರ್ಧ ಉತ್ತರ ಬಿಟ್ಟು ಏಳುವುದು ಕುಲಗೌರವಕ್ಕೆ ಕುಂದೆನಿಸಿತು. ಕೆಲವೇ ಕ್ಷಣಗಳಲ್ಲಿ ಯಂತ್ರದ ಲಯವನ್ನು ಗ್ರಹಿಸಿದ ಕರ್ತೃವು ಮೊದಲು ಅನುಮಾನ ಬಂದಲ್ಲಿ, ಬಳಿಕ ಅನುಮಾನ ಬರಬಹುದಾದಲ್ಲಿ, ಕಡೆಗೆ ಆದಿತಾಳದ ನಿಷ್ಠೆಯಿಂದ ಗುಂಡಿ ಒತ್ತತೊಡಗಿ, ಪಕ್ಕದಲ್ಲಿ ಮೌನವಾಗಿ ನಿಂತಿದ್ದ ತಂತ್ರಜ್ಞೆಯು ಈ ತೀಕ್ಷ್ಣದೃಷ್ಟಿಗೆ ಬೆರಗಾಗಿರಬೇಕೆಂದು ಒಳಗೊಳಗೇ ಹಿಗ್ಗಿತು. ನಡುನಡುವೆ ಬೆಳಕನ್ನೇ ಬಿಡದೆ ಸುಮ್ಮನಿದ್ದು, ಒತ್ತಿದವರನ್ನು ಹಿಡಿಯುವ ಕುಟಿಲತೆಯೂ ಯಂತ್ರಕ್ಕಿದೆ ಎಂಬುದು ಆಗ ಗೊತ್ತಿರಲಿಲ್ಲ.

“ಸಾರ್, ಲೈಟೇ ಬರದಿದ್ದಾಗಲೂ ಒತ್ತಿದ್ದೀರಲ್ಲ?”

“ಬರುತ್ತದೆಂದು ಗೊತ್ತಿತ್ತಮ್ಮ.”

ಈ ಮುಂದಾಲೋಚನೆಗೆ ಅಂಕಗಳಿರಲಿಲ್ಲ; ವರದಿ ನಂಬಲರ್ಹವಲ್ಲವೆಂದು ಬದಿಗಿಟ್ಟು ಮರುಪರೀಕ್ಷೆಗೆ ದಿನ ಕೊಡಲಾಯಿತು.

ಅದೇ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು, ಮನೆಯ ಹೊಸ್ತಿಲಿಗೆ ಎಡವಿದಾಗಲೆಲ್ಲ ಅದನ್ನು ಎತ್ತರಿಸಿ ಕೂರಿಸಿದ ಬಡಗಿಯನ್ನು ಶಪಿಸುತ್ತ ಬಂದಿದ್ದವರು, ತಮ್ಮ ವರದಿಯ ಕೆಳಗಿನ ಅರ್ಧ ಕಪ್ಪಾಗಿರುವುದನ್ನು ಆ ದಿನ ಕಂಡರು. ಬಡಗಿಯ ತಪ್ಪೇನೂ ಇರಲಿಲ್ಲ. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ಹನಿ ಔಷಧ, ಲೇಸರ್, ಶಸ್ತ್ರಚಿಕಿತ್ಸೆಗಳು ಒತ್ತಡವನ್ನು ಇಳಿಸಿ ಉಳಿದದ್ದನ್ನು ಕಾಯಬಲ್ಲವು, ಅಷ್ಟೇ.

ಆದ್ದರಿಂದ 40ರಲ್ಲಿ ಒಮ್ಮೆ ಸಮಗ್ರ ತಪಾಸಣೆಯನ್ನೂ, 65ರ ನಂತರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮರುತಪಾಸಣೆಯನ್ನೂ ವೈದ್ಯರು ಸೂಚಿಸುತ್ತಾರೆ. ಸಕ್ಕರೆ ಕಾಯಿಲೆಯವರು ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಕಣ್ಣಿನ ಹಿಂಪದರವಾದ ರೆಟಿನಾವನ್ನು ಪ್ರತಿವರ್ಷ ತೋರಿಸಬೇಕು, ಮನೆತನದಲ್ಲಿ ಗ್ಲಾಕೋಮಾ ಇದ್ದವರು ಇನ್ನೂ ಮೊದಲೇ ಹೋಗಬೇಕು. ಕನ್ನಡಕದಂಗಡಿಯಲ್ಲಿ ಪವರ್ ನೋಡಿಸುವುದು ಇದಕ್ಕೆ ಸಾಟಿಯಲ್ಲ. ತಂದೆಗೆ ದುಬಾರಿ ಫೋನು ಕೊಡಿಸಿ, ಅದರ ಅಕ್ಷರವನ್ನು ದಪ್ಪ ಮಾಡಿಕೊಟ್ಟು ಪಿತೃಋಣ ತೀರಿತೆಂದುಕೊಳ್ಳುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಅರ್ಧ ದಿನ ಕೂರುವಷ್ಟು ಬಿಡುವು ಏಕಿರುವುದಿಲ್ಲ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ.

ಮರುಪರೀಕ್ಷೆಯಲ್ಲಿ ಕರ್ತೃವು ಕಾಣದ್ದನ್ನು ಕಾಣದೆಂದೇ ಬಿಟ್ಟುಕೊಟ್ಟಿತು, ವರದಿಯೂ ನಾರ್ಮಲ್ ಬಂದಿತು. ಆದರೆ ಚೀಟಿಯ ಕೊನೆಯಲ್ಲಿ ಮುಂದಿನ ವರ್ಷ ಇದೇ ಪರೀಕ್ಷೆಗೆ ಮತ್ತೆ ಬರಬೇಕೆಂದು ಬರೆದಿದ್ದನ್ನು ಕಂಡು, ಇದು ಪಾಸಾದವರೂ ಪುನಃ ಕೂರಬೇಕಾದ ಪರೀಕ್ಷೆಯೆಂಬುದನ್ನು ಒಪ್ಪಲಾಗದೆ, ಹಿಂದಿನವರಿಗೆ ಎಷ್ಟು ಬಂತೆಂದು ಕರ್ತೃವು ತಂತ್ರಜ್ಞೆಯ ಬಳಿ ಮೆಲ್ಲಗೆ ವಿಚಾರಿಸಿತು.